ಟೀಮಿನ ಕೀಲಿಕೈ ಯಾರ ಹತ್ರ?

(ಕಲಬುರಗಿಯಲ್ಲಿ ಒಂದು ಭಾನುವಾರ ಸಂಜೆ, ಆಟದ ಹುಚ್ಚಿರುವ ಗೆಳೆಯರ ಮುಂದೆ ಮಾತಾಡಿದ್ದು. ಆಮೇಲೆ ಕೂತು ಬರೆದಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನೂ ಬಿಟ್ಟಿಲ್ಲ.)

ಹೊರಗೆ 42 ಡಿಗ್ರಿ ಬಿಸಿಲಿದೆ, ನಾನು ಮಾತಾಡಲು ಬಂದಿರುವುದು ಐಸ್ ಹಾಕಿ ಬಗ್ಗೆ. ಬಾಗಿಲಲ್ಲಿ ಅಂಟಿಸಿದ ಕಾಗದ ಓದಿ ಒಬ್ಬ ಹಿರಿಯರು ನನ್ನನ್ನು ನಿಲ್ಲಿಸಿ ಕೇಳಿದರು: "ನಮ್ಮೂರಾಗ ಬರ್ಫ್ ಅಂದ್ರ ಗೋಲಾ ಬಂಡ್ಯಾಗಿಂದು ಅಷ್ಟೇ ರೀ. ಅದರ ಮ್ಯಾಲ ಹಾಕಿ ಹ್ಯಾಂಗ ಆಡ್ತಾರ?" ನ್ಯಾಯವಾದ ಪ್ರಶ್ನೆ. ಅವರು ಈಗ ಮೊದಲ ಸಾಲಿನಲ್ಲೇ ಫ್ಯಾನಿನ ಕೆಳಗೆ ಕೂತಿದ್ದಾರೆ, ಆದ್ದರಿಂದ ಆಟ ಎರಡು ಮಾತಲ್ಲಿ ಹೇಳಿಬಿಡುತ್ತೇನೆ. ಗಟ್ಟಿ ಬರ್ಫಿನ ಅಂಗಳ, ಕಾಲಿಗೆ ಸ್ಕೇಟ್, ಚೆಂಡಿನ ಬದಲು ಗಟ್ಟಿ ರಬ್ಬರಿನ ಬಿಲ್ಲೆ, ಅದಕ್ಕೆ ಪಕ್ ಅಂತಾರೆ. ಗೋಲ್‌ಕೀಪರ್ ಸೇರಿ ಒಂದು ಕಡೆ 6 ಜನ, 20 ನಿಮಿಷದ ಮೂರು ಪಾಳಿ. ಆಟ ಇಷ್ಟು ಗೊತ್ತಿದ್ದರೆ ಸಾಕು, ಯಾಕಂದ್ರೆ ನನಗೆ ಹೇಳಬೇಕಿರುವುದು ಗ್ಯಾಲರಿಯಲ್ಲಿ ಕೂತವರ ಕಥೆ. ಟೀಮಿಗೆ ಜೀವ ಬಿಡುವವರು ಒಂದು ಕಡೆ, ಟೀಮು ನಡೆಸುವವರು ಇನ್ನೊಂದು ಕಡೆ. ಇವರಿಬ್ಬರ ಸಂಸಾರ ಹೇಗೆ ನಡೆಯುತ್ತದೆ ಅನ್ನುವುದು.

ಕಂಪನಿ ಕೆಲಸದ ಮೇಲೆ ನಾನು ಸ್ವೀಡನ್ನಿನ ಗೋಥೆನ್‌ಬರ್ಗ್ ಊರಲ್ಲಿ ಎರಡು ಚಳಿಗಾಲ ಕಳೆದೆ, 2018ರಿಂದ 2020ರ ತನಕ. ಮಧ್ಯಾಹ್ನ ಮೂರೂವರೆಗೇ ಕತ್ತಲು. ಅಲ್ಲಿಯ ಕ್ಲಬ್ಬಿನ ಹೆಸರು ಫ್ರೊಲುಂಡಾ. ಆಗ ಅದರ ಅಡ್ಡಹೆಸರು 'ಇಂಡಿಯನ್ಸ್'. ಆಫೀಸಿನ ಗೆಳೆಯ ಬಂದು "ಈ ಶನಿವಾರ ಇಂಡಿಯನ್ಸ್ ಮ್ಯಾಚ್ ಇದೆ, ಬರ್ತೀಯಾ" ಅಂದಾಗ ನಾನು ಯಾವುದೋ ಟಿ20 ಅಂದುಕೊಂಡು ಹೂಂ ಅಂದೆ. ಹೋಗಿ ನೋಡಿದರೆ ಆ ಇಂಡಿಯನ್ಸ್ ನಾವಲ್ಲ, ಅಮೆರಿಕದ ಮೂಲನಿವಾಸಿಗಳು. ಅಂಗಿಯ ಮೇಲೆ ಅವರದೇ ಮುಖ. ಕೆಲವು ವರ್ಷಗಳ ಹಿಂದೆ ಕ್ಲಬ್ಬು ಆ ಹೆಸರನ್ನೂ ಮುಖವನ್ನೂ ಬಿಟ್ಟಿತು, ಅದು ಒಳ್ಳೆಯದೇ ಆಯಿತು. ಆದರೆ ಅವತ್ತು ಆ 12,000 ಜನರ ಸಭಾಂಗಣದಲ್ಲಿ, ನಿಂತು ನೋಡುವವರ ಕಟ್ಟೆಯ ಮೇಲೆ, ನನ್ನ ಎದೆ ನಡುಗುವಷ್ಟು ಹಾಡು, ನಗಾರಿ. ಶರಣಬಸವೇಶ್ವರ ಜಾತ್ರೆಯ ತೇರು ಎಳೆಯುವಾಗಿನ ಆ ಗದ್ದಲ ಇದೆಯಲ್ಲ, ಅದನ್ನು ಒಂದು ಮನೆಯೊಳಗೆ ಹಾಕಿ ಬಾಗಿಲು ಮುಚ್ಚಿದ ಹಾಗೆ.

ಅದಕ್ಕಿಂತ ಜಾಸ್ತಿ ನೆನಪಲ್ಲಿ ಉಳಿದದ್ದು ಒಂದು ಬೇಜಾರಿನ ಸಭೆ.

ಅದೇ ಗೆಳೆಯನಿಗೆ ತನ್ನ ಊರಿನ ಇನ್ನೊಂದು ಸಣ್ಣ ಕ್ಲಬ್ಬಿನ ಸದಸ್ಯತ್ವ ಇತ್ತು. ಅದರ ವಾರ್ಷಿಕ ಸಭೆಗೆ ಎಳೆದುಕೊಂಡು ಹೋದ. ಒಂದು ಶಾಲೆಯ ಹಾಲ್, ಕಾಫಿ, ದಾಲ್ಚಿನ್ನಿ ಹಾಕಿದ ಬನ್ನು. ವೇದಿಕೆ ಮೇಲೆ ಆಡಳಿತ ಮಂಡಳಿ, ಕೆಳಗೆ ಸದಸ್ಯರು. ಭಾಷೆ ನನಗೆ ಅರ್ಧ ತಿಳಿಯಿತು, ಅರ್ಧ ಗೆಳೆಯ ಕಿವಿಯಲ್ಲಿ ಹೇಳಿದ. ಲೆಕ್ಕ ಓದಿದರು. ಒಬ್ಬ ಮುದುಕ ಎದ್ದು ನಿಂತು, ನಿಂತು ನೋಡುವ ಟಿಕೆಟ್ಟಿನ ರೇಟು ಯಾಕೆ ಏರಿಸಿದಿರಿ ಅಂತ ಶುರು ಮಾಡಿದವನು ಹತ್ತು ನಿಮಿಷ ಕೂರಲಿಲ್ಲ. ಅಧ್ಯಕ್ಷರು ಬೆವರಿದರು, ಹೊರಗೆ ಸೊನ್ನೆಗಿಂತ ಕೆಳಗೆ ಚಳಿ ಇದ್ದರೂ. ಆಮೇಲೆ ಒಂದು ವಿಷಯ ಮತಕ್ಕೆ ಬಂತು. ಅದಕ್ಕೆ ಅವರು ಹೇಳುವ ಪದವನ್ನು ನಮ್ಮಲ್ಲಿ 'ಹೊಣೆಯಿಂದ ಬಿಡುಗಡೆ' ಅನ್ನಬಹುದು. ಅಂದರೆ ಹೋದ ವರ್ಷ ನೀವು ನಡೆಸಿದ ಕಾರಭಾರ ಸರಿ ಇತ್ತು, ಅದರ ಬಗ್ಗೆ ಮುಂದೆ ನಿಮ್ಮನ್ನು ಹಿಡಿದು ಕೇಳುವುದಿಲ್ಲ ಅಂತ ಸದಸ್ಯರು ಮಂಡಳಿಗೆ ಕೊಡುವ ಮಾತು. ಕೊಡಲೇಬೇಕು ಅಂತಿಲ್ಲ. ಲೆಕ್ಕ ನೋಡಿ, ಕೇಳುವುದೆಲ್ಲ ಕೇಳಿ, ಆಮೇಲೆ ಕೈ ಎತ್ತುತ್ತಾರೆ.

ಇದನ್ನು ಹೇಳಿದಾಗ ಇಲ್ಲಿ ಕೆಲವರು ನಕ್ಕರು, ಯಾಕೆ ಅಂತ ನನಗೆ ಗೊತ್ತು. ನಾನೂ ಒಂದು ಪತ್ತಿನ ಸಹಕಾರ ಸಂಘದ ಸದಸ್ಯ. ಹೆಸರು ಬೇಡ. ಅಲ್ಲಿಯ ವಾರ್ಷಿಕ ಸಭೆಯಲ್ಲಿ ಕಾರ್ಯದರ್ಶಿ ವಿಷಯ ಓದಿ ಮುಗಿಸುವ ಮೊದಲೇ ಹಿಂದಿನ ಸಾಲಿನಿಂದ "ಮಂಜೂರ್, ಮಂಜೂರ್" ಅಂತ ಕೂಗು ಬರುತ್ತದೆ. ಹನ್ನೆರಡು ವಿಷಯ ಹದಿನೈದು ನಿಮಿಷದಲ್ಲಿ ಮಂಜೂರು, ಆಮೇಲೆ ಸುಸಲಾ, ಮಿರ್ಚಿ, ಮನೆ. ಓಟು ನಮಗೂ ಇದೆ. ಕೇಳುವ ರೂಢಿ ಇಲ್ಲ.

ಸ್ವೀಡನ್ನಿನ ಆ ರೂಢಿಯ ಹಿಂದೆ ಒಂದು ನಿಯಮ ಇದೆ. ಅಲ್ಲಿ ಕ್ಲಬ್ಬುಗಳು ಹುಟ್ಟಿದ್ದೇ ಸದಸ್ಯರ ಸಂಘಗಳಾಗಿ, ನಮ್ಮ ಯುವಕ ಸಂಘಗಳ ಹಾಗೆ. ದುಡ್ಡಿನ ಕಾಲ ಬಂದ ಮೇಲೆ, ಕಂಪನಿ ಮಾಡಿಕೊಂಡು ಹೊರಗಿನ ಬಂಡವಾಳ ತರುತ್ತೇವೆ ಅಂತ ಕ್ಲಬ್ಬುಗಳು ಕೇಳಿದವು. 1999ರಲ್ಲಿ ಅಲ್ಲಿಯ ಕ್ರೀಡಾ ಒಕ್ಕೂಟ ಒಪ್ಪಿತು, ಒಂದು ಷರತ್ತಿನ ಮೇಲೆ. ಕಂಪನಿಯಲ್ಲಿ ಹೆಚ್ಚಿನ ಮತ ಸದಸ್ಯರ ಸಂಘದ ಕೈಯಲ್ಲೇ ಇರಬೇಕು. ಜನ ಇದನ್ನು 51 ಪರ್ಸೆಂಟ್ ನಿಯಮ ಅಂತಾರೆ. ಫುಟ್‌ಬಾಲಿಗೂ ಇದೇ, ಐಸ್ ಹಾಕಿಗೂ ಇದೇ. ಎಷ್ಟೇ ದೊಡ್ಡ ಧಣಿ ಬಂದು ದುಡ್ಡು ಸುರಿದರೂ ಟೀಮಿನ ಕೀಲಿಕೈ ಅವನ ಜೇಬಿಗೆ ಹೋಗುವ ಹಾಗಿಲ್ಲ. 2013ರಲ್ಲಿ ಇದನ್ನು ತೆಗೆಯುವ ಮಾತು ಜೋರಾಗಿ ಬಂತು. ಆಗ ಅಭಿಮಾನಿ ಗುಂಪುಗಳು ಬ್ಯಾನರ್ ಹಿಡಿದವು, ಹಾಡಿದವು, ಅದೆಲ್ಲ ಸರಿ. ಆದರೆ ನಿಜವಾದ ಕೆಲಸ ನಡೆದದ್ದು ಅದೇ ಬನ್ನು-ಕಾಫಿಯ ಸಭೆಗಳಲ್ಲಿ. ಸದಸ್ಯರು ತಮ್ಮ ತಮ್ಮ ಕ್ಲಬ್ಬಿನ ಸಭೆಗೆ ಹೋಗಿ, ನಿಯಮ ಉಳಿಸಬೇಕು ಅಂತ ನಿರ್ಣಯ ಮಾಡಿಸಿ, ಮಂಡಳಿಯ ಕೈ ಕಟ್ಟಿಹಾಕಿದರು. ನಿಯಮ ಉಳಿಯಿತು.

ಅಲ್ಲಿ ಲೆಕ್ಸಾಂಡ್ ಅಂತ ಒಂದು ಊರಿದೆ. ಜನ ಸುಮಾರು 6,000. ನಮ್ಮ ಚಿತ್ತಾಪುರ, ಸೇಡಂ ಇದರ ಎಷ್ಟೋ ಪಟ್ಟು ದೊಡ್ಡವು. ಆ ಊರಿನ ಹಾಕಿ ಅಂಗಳದಲ್ಲಿ 7,650 ಜನ ಹಿಡಿಯುತ್ತಾರೆ. ಇಡೀ ಊರು ಬಂದು ಕೂತರೂ ಜಾಗ ಉಳಿಯುತ್ತದೆ! ಆ ಊರಿನ ಟೀಮು ದೇಶದ ಮೇಲಿನ ಲೀಗಿನಲ್ಲಿ ಸ್ಟಾಕ್‌ಹೋಮಿನ ದೊಡ್ಡ ಕ್ಲಬ್ಬುಗಳ ಎದುರು ಆಡಿದೆ. ಸೋತು ಕೆಳಗಿನ ಲೀಗಿಗೆ ಬಿದ್ದಿದೆ, ಎದ್ದಿದೆ, ಮತ್ತೆ ಬಿದ್ದಿದೆ. ಆದರೆ ಊರು ಬಿಟ್ಟು ಹೋಗಿಲ್ಲ. ಹೋಗಲು ಯಾರು ಬಿಡುತ್ತಾರೆ?

ಓಟು ಇದ್ದ ಮಾತ್ರಕ್ಕೆ ದಿನಾ ಜಗಳ ಇರುವುದಿಲ್ಲ ಅಂತಲ್ಲ. ದೊಡ್ಡ ಮ್ಯಾಚಿಗೆ ಅಭಿಮಾನಿಗಳು ಗ್ಯಾಲರಿ ತುಂಬ ಬಟ್ಟೆಯ ಚಿತ್ರ ಹರಡಬೇಕು ಅಂದರೆ ಬೆಳಿಗ್ಗೆಯೇ ಒಳಗೆ ಬಿಡಬೇಕು, ಕೀಲಿ ಯಾರು ಕೊಡಬೇಕು? ಹೊಗೆ, ಮತಾಪು ಹಚ್ಚಿದರೆ ದಂಡ ಕ್ಲಬ್ಬಿಗೆ ಬೀಳುತ್ತದೆ, ಆಗ ಮಂಡಳಿಗೆ ಸಿಟ್ಟು. ಹೊರಗಿನ ಊರಿಗೆ ಹೋದಾಗ ಪೊಲೀಸರು ತಡೆದರೆ ಅಭಿಮಾನಿಗಳಿಗೆ ಸಿಟ್ಟು. ಇದಕ್ಕಾಗಿ ನಡುವೆ ಒಬ್ಬ ಮನುಷ್ಯನನ್ನು ಇಡುತ್ತಾರೆ, ಅಭಿಮಾನಿ ಸಂಪರ್ಕಾಧಿಕಾರಿ. ಯುರೋಪಿನ ಫುಟ್‌ಬಾಲ್ ಒಕ್ಕೂಟ 2012-13ರಿಂದ ಇಂಥ ಒಬ್ಬರು ಇಲ್ಲದ ಕ್ಲಬ್ಬಿಗೆ ಲೈಸೆನ್ಸ್ ಇಲ್ಲ ಅಂತ ಮಾಡಿತು. ಜರ್ಮನಿ, ಸ್ವೀಡನ್ನಿನ ಹಾಕಿ ಕ್ಲಬ್ಬುಗಳಲ್ಲೂ ಈ ಕೆಲಸದವರಿದ್ದಾರೆ. ನನಗೆ ಇದು ಮದುವೆ ಮಾತುಕತೆಯ ನಡುವಿನವರ ಹಾಗೆ ಕಾಣುತ್ತದೆ. ಎರಡೂ ಕಡೆಯಿಂದ ಬೈಸಿಕೊಳ್ಳುವ ಕೆಲಸ. ಒಂದು ಕಡೆಯವರು ಮಾತ್ರ ಬೈಯುತ್ತಿದ್ದರೆ ಅವನು ಕೆಲಸ ಸರಿಯಾಗಿ ಮಾಡುತ್ತಿಲ್ಲ ಅಂತ ಲೆಕ್ಕ.

ಈಗ ಸಮುದ್ರ ದಾಟೋಣ. ಉತ್ತರ ಅಮೆರಿಕದ ಎನ್‌ಎಚ್‌ಎಲ್, 32 ಟೀಮುಗಳ ಲೀಗು, ಆಟದಲ್ಲಿ ಅದರ ಸಮ ಯಾರೂ ಇಲ್ಲ. ಅಲ್ಲಿ ಎಲ್ಲ ಉಲ್ಟಾ. ಟೀಮು ಒಬ್ಬ ಧಣಿಯದು. ಸೋತರೆ ಕೆಳಗಿನ ಲೀಗಿಗೆ ಬೀಳುವುದಿಲ್ಲ. ಲೀಗು ಒಪ್ಪಿದರೆ ಧಣಿ ಟೀಮನ್ನು ಗಂಟುಮೂಟೆ ಕಟ್ಟಿಕೊಂಡು ಬೇರೆ ಊರಿಗೆ ಹೋಗಬಹುದು. ಕೆನಡಾದ ಕ್ವಿಬೆಕ್ ಊರಿನ ಟೀಮು 1995ರಲ್ಲಿ ಅಮೆರಿಕದ ಕೊಲೊರಾಡೊಗೆ ಹೋಯಿತು, ಮರುವರ್ಷವೇ ಆ ಲೀಗಿನ ಕಪ್ಪಾದ ಸ್ಟಾನ್ಲಿ ಕಪ್ ಗೆದ್ದಿತು. ಹಳೆ ಊರಿನವರ ಹೊಟ್ಟೆ ಎಷ್ಟು ಉರಿದಿರಬೇಡ!

ಕೆನಡಾದ್ದೇ ವಿನ್ನಿಪೆಗ್ ಊರಿನ ಕಥೆ ನನಗೆ ಇನ್ನೂ ಕಾಡುತ್ತದೆ. ಟೀಮು ಹೋಗುತ್ತದೆ ಅಂತ ಸುದ್ದಿ ಬಂದಾಗ, 1995ರಲ್ಲಿ, ಜನ ಬೀದಿಗಿಳಿದು ಪಟ್ಟಿ ಎತ್ತಿದರು, ಮಕ್ಕಳು ತಮ್ಮ ಮಣ್ಣಿನ ಕುಡಿಕೆಯಂಥ ಉಳಿತಾಯದ ಡಬ್ಬಿ ಒಡೆದು ಚಿಲ್ಲರೆ ತಂದುಕೊಟ್ಟರು. ಆದರೂ 1996ರಲ್ಲಿ ಟೀಮು ಅಮೆರಿಕದ ಫೀನಿಕ್ಸ್ ಅನ್ನುವ ಮರುಭೂಮಿಯ ಊರಿಗೆ ಹೋಯಿತು. ಬಿಸಿಲಲ್ಲಿ ನಮ್ಮೂರನ್ನೂ ಮೀರಿಸುವ ಊರು, ಬರ್ಫಿನ ಆಟ ಅಲ್ಲಿಗೆ! 15 ವರ್ಷ ಆದ ಮೇಲೆ, 2011ರಲ್ಲಿ, ಅಟ್ಲಾಂಟಾದ ಟೀಮು ವಿನ್ನಿಪೆಗ್ಗಿಗೆ ಬರುವ ಮಾತಾಯಿತು. ಮೊದಲು 13,000 ಸೀಸನ್ ಟಿಕೆಟ್ ಮಾರಿ ತೋರಿಸಿ ಅಂದರು. ಜನಕ್ಕೆ ಮಾರಾಟ ತೆರೆದ ಕೆಲವೇ ನಿಮಿಷಗಳಲ್ಲಿ ಎಲ್ಲ ಖಾಲಿ. ಅಂಥ ಊರು. ಆದರೆ ಹತ್ತು-ಹನ್ನೆರಡು ವರ್ಷದಲ್ಲಿ, ಕೋವಿಡ್ ಆದ ಮೇಲೆ, ಆ 13,000 ಅನ್ನುವುದು 10,000ಕ್ಕಿಂತ ಕೆಳಗಿಳಿಯಿತು. 2023ರಲ್ಲಿ ಆಡಳಿತದವರು ಟಿಕೆಟ್ ಕೊಳ್ಳಿ ಅಂತ ಒಂದು ಜಾಹೀರಾತು ಮಾಡಿದರು, ಹಳೆಯ ಟೀಮು ಹೋದ ನೋವನ್ನು ನೆನಪಿಸುವಂಥದ್ದು. ಅಭಿಮಾನಿಗಳಲ್ಲಿ ಬಹಳ ಜನಕ್ಕೆ ಅದು ಬೆದರಿಕೆಯ ಹಾಗೆ ಕೇಳಿಸಿತು. ಟೀಮು ಬೇಕಿದ್ದರೆ ದುಡ್ಡು ಬಿಚ್ಚಿ, ಇಲ್ಲದಿದ್ದರೆ ಗೊತ್ತಲ್ಲ ಏನಾಗುತ್ತೆ ಅಂತ. ಆಡಳಿತದ ಕಡೆಯಿಂದ ನೋಡಿದರೆ ಅವರ ಮಾತೂ ಸುಳ್ಳಲ್ಲ. ಎನ್‌ಎಚ್‌ಎಲ್ ಲೆಕ್ಕದಲ್ಲಿ ಅದು ಸಣ್ಣ ಊರು, ಸಣ್ಣ ಅಂಗಳ, ಆಟಗಾರರ ಸಂಬಳ ಮಾತ್ರ ದೊಡ್ಡ ಊರಿನದೇ. ಆದರೆ ಒಮ್ಮೆ ತವರು ಕಳೆದುಕೊಂಡವಳ ಮುಂದೆ ಮತ್ತೆ ಆ ಮಾತು ಎತ್ತಿದರೆ ಹೇಗಿರುತ್ತೆ, ಹೇಳಿ.

ಓಟು ಇಲ್ಲದ ಕಡೆ ಅಭಿಮಾನಿಯ ಕೈಲಿರುವುದು ಮೂರೋ ನಾಲ್ಕೋ ದಾರಿ. ಕೂಗುವುದು, ಕೂಗದೆ ಸುಮ್ನೆ ಕೂರುವುದು, ಬರದೇ ಇರುವುದು. ಬೋರ್ಡು ಹಾಕುವುದೂ ಒಂದು. ಕೆನಡಾದ ರಾಜಧಾನಿ ಒಟ್ಟಾವಾದ ಟೀಮಿನ ಧಣಿ ಯುಜೀನ್ ಮೆಲ್ನಿಕ್, 2017ರ ಡಿಸೆಂಬರ್‌ನಲ್ಲಿ, ಟೀಮು ದೊಡ್ಡ ಹಬ್ಬದ ಪಂದ್ಯ ಆಡುವ ಹಿಂದಿನ ದಿನ, ಜನ ಬರದಿದ್ದರೆ ಊರು ಬಿಡುವ ಮಾತಾಡಿದರು. 2018ರ ಮಾರ್ಚ್‌ನಲ್ಲಿ ಅಭಿಮಾನಿಗಳು ಚಂದಾ ಎತ್ತಿ, ಊರಿನ ರಸ್ತೆಗಳಲ್ಲಿ 'ಮೆಲ್ನಿಕ್ ಹೊರಡಿ' ಅನ್ನುವ ಅರ್ಥದ ದೊಡ್ಡ ಬೋರ್ಡುಗಳನ್ನು ಹಾಕಿಸಿದರು. ಅವರು ಹೊರಡಲಿಲ್ಲ. 2022ರಲ್ಲಿ ತೀರಿಕೊಳ್ಳುವ ತನಕ ಟೀಮು ಅವರದೇ. ಟೀಮು ಮಾರಾಟವಾದದ್ದು ಮರುವರ್ಷ, 95 ಕೋಟಿ ಡಾಲರಿಗೆ.

ಚಿಕಾಗೋದ್ದು ಇನ್ನೂ ವಿಚಿತ್ರ. ಧಣಿ ಬಿಲ್ ವಿರ್ಟ್ಜ್ ತಮ್ಮ ಊರಲ್ಲಿ ನಡೆಯುವ ಪಂದ್ಯಗಳನ್ನು ಊರಿನ ಟಿವಿಯಲ್ಲಿ ತೋರಿಸಲು ಬಿಡುತ್ತಿರಲಿಲ್ಲ. ದುಡ್ಡು ಕೊಟ್ಟು ಟಿಕೆಟ್ ಕೊಂಡವರಿಗೆ ಅನ್ಯಾಯ ಆಗುತ್ತೆ ಅಂತ ವಾದ. ಮನೆಯಲ್ಲಿ ನೋಡದ ಮಕ್ಕಳು ಆಟವನ್ನೇ ಮರೆತರು, ಸೀಟುಗಳು ಖಾಲಿ ಬಿದ್ದವು. 2007ರ ಸೆಪ್ಟೆಂಬರ್‌ನಲ್ಲಿ ಅವರು ತೀರಿಕೊಂಡರು. ಊರಿನ ಮೊದಲ ಪಂದ್ಯದ ದಿನ ಒಂದು ನಿಮಿಷ ಮೌನ ಅಂದಾಗ ಗ್ಯಾಲರಿಯಿಂದ ಬೈಗುಳದ ಕೂಗು ಬಂತು. ಸತ್ತವರ ಮೌನಕ್ಕೆ ಹುಯ್ಲು! ಇದು ನನಗೆ ಸರಿ ಕಾಣುವುದಿಲ್ಲ, ಆದರೆ ಬೇರೆ ಎಲ್ಲೂ ಕೇಳಿಸಿಕೊಳ್ಳದ ಜನ ಸಿಕ್ಕ ಒಂದೇ ನಿಮಿಷದಲ್ಲಿ ಎಲ್ಲ ಹೇಳಿಬಿಟ್ಟರು ಅಂತ ಅನಿಸುತ್ತದೆ. ಮಗ ರಾಕಿ ವಿರ್ಟ್ಜ್ ಬಂದು ಪಂದ್ಯಗಳನ್ನು ಟಿವಿಗೆ ಕೊಟ್ಟರು, ಜನ ಮರಳಿದರು, 2010ರಲ್ಲಿ ಸ್ಟಾನ್ಲಿ ಕಪ್ ಬಂತು, 1961ರ ನಂತರ ಮೊದಲ ಸಲ. ಊರಿಗೆ ಊರೇ ಮಗನನ್ನು ಹೊತ್ತು ಮೆರೆಸಿತು.

ಇಲ್ಲಿಗೆ ನಿಲ್ಲಿಸಿದರೆ ಒಳ್ಳೆಯ ಸಿನಿಮಾ ಆಗುತ್ತಿತ್ತು. ಆದರೆ ಅದೇ 2010ರ ಗೆಲುವಿನ ಓಟದ ನಡುವೆ, ತರಬೇತಿ ಸಿಬ್ಬಂದಿಯೊಬ್ಬ ತನ್ನ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ ಅಂತ ಒಬ್ಬ ಯುವ ಆಟಗಾರ ದೂರು ಕೊಟ್ಟಿದ್ದ, ಮೇಲಿನವರು ಕಪ್ ಮುಗಿಯುವ ತನಕ ಅದನ್ನು ಮುಟ್ಟಲಿಲ್ಲ ಅನ್ನುವುದು 2021ರಲ್ಲಿ ತನಿಖೆಯಿಂದ ಹೊರಬಂತು. ಲೀಗು 20 ಲಕ್ಷ ಡಾಲರ್ ದಂಡ ಹಾಕಿತು. 2022ರ ಫೆಬ್ರವರಿಯಲ್ಲಿ ಅಭಿಮಾನಿಗಳ ಮುಂದೆ ಒಂದು ಬಹಿರಂಗ ಸಭೆ ಇಟ್ಟರು. ಪತ್ರಕರ್ತರೊಬ್ಬರು ಅದೇ ವಿಷಯ ಕೇಳಿದಾಗ ರಾಕಿ ವಿರ್ಟ್ಜ್ ರೇಗಿ, ಅದು ನಿಮಗೆ ಸಂಬಂಧಿಸಿದ್ದಲ್ಲ ಅಂದುಬಿಟ್ಟರು. ರಾತ್ರಿ ಕ್ಷಮೆ ಕೇಳಿದರು. ಆದರೆ ಮಾತು ಆಗಿಹೋಗಿತ್ತು. ಟಿವಿ ಕೊಟ್ಟ ಧಣಿಯೂ ಧಣಿಯೇ. ಒಳ್ಳೆಯ ಧಣಿ ಸಿಗುವುದು ನಸೀಬು. ಸ್ವೀಡನ್ನಿನ ಆ ಮುದುಕನಿಗೆ ನಸೀಬು ಬೇಕಿರಲಿಲ್ಲ, ಸಭೆಯ ನೋಟೀಸು ಸಾಕಿತ್ತು.

ಜರ್ಮನಿಯ ಹ್ಯಾಂಬರ್ಗ್ ಬಗ್ಗೆ ಚುಟುಕಾಗಿ ಹೇಳುತ್ತೇನೆ, ಯಾಕಂದ್ರೆ ಕಥೆಯೇ ಚುಟುಕು. ಅಲ್ಲಿ ಫುಟ್‌ಬಾಲಿಗೆ ಸದಸ್ಯರ ಬಹುಮತದ ನಿಯಮ ಇದೆ, ಹಾಕಿಗೆ ಇಲ್ಲ. ಹ್ಯಾಂಬರ್ಗ್ ಫ್ರೀಜರ್ಸ್ ಅನ್ನುವ ಟೀಮಿನ ಒಡೆತನ ಒಂದು ಅಮೆರಿಕನ್ ಕಂಪನಿಯದು. ಅದು 2002ರಲ್ಲಿ ಮ್ಯೂನಿಕ್ಕಿನಿಂದ ಎತ್ತಿ ತಂದು ಇಟ್ಟ ಟೀಮು. 2016ರ ಮೇ ತಿಂಗಳಲ್ಲಿ ಇನ್ನು ಸಾಕು ಅಂತ ಕಂಪನಿ ಕೈಬಿಟ್ಟಿತು. ನಾಯಕ ಕ್ರಿಸ್ಟೋಫ್ ಶೂಬರ್ಟ್ ಮುಂದೆ ನಿಂತು ಪಟ್ಟಿ ಎತ್ತಿದರು, ಅಭಿಮಾನಿಗಳು ಕೆಲವೇ ದಿನಗಳಲ್ಲಿ ಭಾರಿ ಮೊತ್ತ ಸೇರಿಸಿದರು. ಉಪಯೋಗ ಆಗಲಿಲ್ಲ, ಟೀಮು ಮುಚ್ಚಿತು. ಎತ್ತಿ ತಂದದ್ದನ್ನು ಎತ್ತಿಟ್ಟರು.

ಹಾಗಂತ ಅಭಿಮಾನಿ ಗುಂಪು ಅಂದರೆ ದೇವರಲ್ಲ. ಗ್ಯಾಲರಿಯ ಮುಂದೆ ಕಂಬಿ ಹತ್ತಿ ನಿಂತು ಹಾಡಿಸುವ ಇಪ್ಪತ್ತು ಹುಡುಗರು, ಹಿಂದೆ ಮೊಮ್ಮಗಳನ್ನು ಕರೆದುಕೊಂಡು ಬಂದ ಅಜ್ಜಿಯ ಪರವಾಗಿಯೂ ಮಾತಾಡುತ್ತೇವೆ ಅಂತ ತಾವೇ ತೀರ್ಮಾನ ಮಾಡಿಕೊಳ್ಳುತ್ತಾರೆ. ಅಜ್ಜಿಗೆ ಹೊಗೆ ಬೇಡ. ಒಬ್ಬ ಆಟಗಾರ ಸರಿಯಾಗಿ ಆಡಲಿಲ್ಲ ಅಂತ ಅವನ ಮನೆಯವರನ್ನು ಸೇರಿಸಿ ಬೈಯುವವರೂ ಇದೇ ಗುಂಪಲ್ಲಿ ಇರುತ್ತಾರೆ. ಅದೇ ಜನ ಇನ್ನೊಂದು ದಿನ ಗೊಂಬೆ ಎಸೆಯುತ್ತಾರೆ. ಇದು ಕೇಳಲೇಬೇಕು. ಕ್ರಿಸ್‌ಮಸ್ ಹೊತ್ತಿಗೆ ಒಂದು ಪಂದ್ಯಕ್ಕೆ ಎಲ್ಲರೂ ಬಟ್ಟೆಯ ಕರಡಿ ತರುತ್ತಾರೆ, ತಮ್ಮ ಟೀಮು ಮೊದಲ ಗೋಲು ಹೊಡೆದ ಕೂಡಲೇ ಬರ್ಫಿನ ಮೇಲೆ ಎಸೆಯುತ್ತಾರೆ. ಕ್ಲಬ್ಬು ಅವನ್ನು ಗುಡಿಸಿ ಬಡ ಮಕ್ಕಳಿಗೆ ಹಂಚುತ್ತದೆ. 1993ರಲ್ಲಿ ಕೆನಡಾದ ಕ್ಯಾಮ್‌ಲೂಪ್ಸ್‌ನಲ್ಲಿ ಶುರುವಾದದ್ದು. 2025ರ ಜನವರಿಯಲ್ಲಿ ಅಮೆರಿಕದ ಹರ್ಷಿಯಲ್ಲಿ ಒಂದೇ ಪಂದ್ಯಕ್ಕೆ 1,02,343 ಗೊಂಬೆ ಬಿದ್ದವು. ಆಡಳಿತ ಮತ್ತು ಅಭಿಮಾನಿ ಇಬ್ಬರೂ ಖುಷಿಯಾಗಿರುವ ದಿನ ಅಂದರೆ ಬಹುಶಃ ಅದೊಂದೇ.

ಈ ಹೊತ್ತಿಗೆ ಹಿಂದಿನಿಂದ ಒಬ್ಬ ಹುಡುಗ ಕೇಳಿದ: "ಸರ್, ನಮ್ಮ ದೇಶದಾಗ ಇದು ಇಲ್ಲೇ ಇಲ್ಲೇನ್ರಿ?" ಇದೆಯಪ್ಪ. ಲಡಾಖಿನಲ್ಲಿ ಚಳಿಗಾಲಕ್ಕೆ ಕೆರೆ ಹೆಪ್ಪುಗಟ್ಟಿದರೆ ಅದೇ ಅಂಗಳ. ಭಾರತ 1989ರಿಂದಲೇ ಅಂತರರಾಷ್ಟ್ರೀಯ ಒಕ್ಕೂಟದ ಸದಸ್ಯ. 2025ರಲ್ಲಿ ಯುಎಇಯಲ್ಲಿ ನಡೆದ ಏಷ್ಯಾ ಕಪ್ಪಿನಲ್ಲಿ ನಮ್ಮ ಹೆಣ್ಣುಮಕ್ಕಳು ಕಂಚು ತಂದರು. ಹಿಂದೆ ಇದೇ ಆಟಗಾರರು ಹೊರದೇಶಕ್ಕೆ ಹೋಗಲು ಜನರಿಂದ ಚಂದಾ ಎತ್ತಿದ್ದೂ ಇದೆ. ಅಲ್ಲಿ ಅಭಿಮಾನಿಯೇ ಧಣಿ, ಒಂದು ಲೆಕ್ಕಕ್ಕೆ.

ನಮ್ಮೂರಿಗೆ ಬರುತ್ತೇನೆ. 2022ರಲ್ಲಿ ಮಹಾರಾಜ ಟ್ರೋಫಿ ಕ್ರಿಕೆಟ್ ಗೆದ್ದದ್ದು ಯಾರು? ಗುಲ್ಬರ್ಗ ಮಿಸ್ಟಿಕ್ಸ್. ಮನೀಷ್ ಪಾಂಡೆ ನಾಯಕ, ಫೈನಲ್‌ನಲ್ಲಿ ಬೆಂಗಳೂರಿನ ಟೀಮನ್ನು ಬೆಂಗಳೂರಲ್ಲೇ ಸೋಲಿಸಿದರು. ಅವತ್ತು ರಾತ್ರಿ ನಾನೂ ಕುಣಿದಿದ್ದೇನೆ. ಆದರೆ ಆ ಲೀಗಿನ ಪಂದ್ಯಗಳು ನಡೆದದ್ದು ಬೆಂಗಳೂರು, ಮೈಸೂರಿನಲ್ಲಿ. ನಮ್ಮ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಅಲ್ಲ. ಒಂದೆರಡು ಊರಲ್ಲೇ ಎಲ್ಲ ಪಂದ್ಯ ಆಡಿಸಿದರೆ ಖರ್ಚು ಕಡಿಮೆ, ಲೀಗು ಕಟ್ಟಿದ ರೀತಿಯೇ ಅದು, ಯಾರನ್ನೂ ದೂರುತ್ತಿಲ್ಲ. 2014ರಲ್ಲಿ ಊರಿನ ಹೆಸರು ಕಲಬುರಗಿ ಆಯಿತು, 2022ರಲ್ಲಿ ಹುಟ್ಟಿದ ಟೀಮಿನ ಹೆಸರು ಗುಲ್ಬರ್ಗ. ಹೆಸರಲ್ಲಿ ಏನಿದೆ ಅಂತೀರಾ? ಕೇಳಲು ಒಂದು ಸಭೆ ಇದ್ದಿದ್ದರೆ ಯಾರಾದರೂ ಒಬ್ಬರು ಎದ್ದು ಕೇಳುತ್ತಿದ್ದರು, ಅಷ್ಟೇ ನಾನು ಹೇಳುವುದು. ಟಿಕೆಟ್ ಇರುವವನು ಗಿರಾಕಿ, ಓಟು ಇರುವವನು ಮನೆಯವನು. ನಾವು ಟಿವಿ ಮುಂದೆ ಕೂತವರು, ಗಿರಾಕಿಯೂ ಅಲ್ಲ.

ಇದಕ್ಕೆ ಮೊದಲ ಸಾಲಿನ ಹಿರಿಯರು, ಅದೇ ಗೋಲಾ ಬಂಡಿಯವರು, ಒಂದು ಒಳ್ಳೆ ಮಾತು ಹೇಳಿದರು. "ದೊಡ್ಡ ಟೀಮಿನ ಮಾತು ಬಿಡ್ರಿ. ಹಳ್ಳ್ಯಾಗ ಕಬಡ್ಡಿ ಸಂಘ, ಕ್ರಿಕೆಟ್ ಸಂಘ ಅದಾವಲ್ಲ, ಅವು ನಮ್ಮವೇ. ಅಲ್ಲಿ ಯಾವಾಗರ ಸಭಿ ಕರದೀವೇನು?" ಹೌದು. ನೋಂದಣಿ ಆದ ಸಂಘ ಅಂದ ಮೇಲೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯ ಪ್ರಕಾರ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆಯಬೇಕು, ಲೆಕ್ಕ ಒಪ್ಪಿಸಬೇಕು. ಅಂದರೆ ಸ್ವೀಡನ್ನಿನ ಆ ಸಭೆಯ ಹಾಲ್, ಆ ಕಾಫಿ, ಕಾಗದದ ಮೇಲೆ ನಮಗೂ ಇದೆ.

ಅಷ್ಟರಲ್ಲಿ ಸೇಡಂ ಕಡೆಯ ಒಬ್ಬ ಹುಡುಗಿ ಎದ್ದಳು, ಪಿಯುಸಿ ಓದುವವಳು, ಊರಿನ ವಾಲಿಬಾಲ್ ಟೀಮಿನಲ್ಲಿ ಆಡುತ್ತಾಳೆ. "ಸರ್, ನಮ್ಮ ಟೂರ್ನಮೆಂಟಿಗೆ ಮನಿ ಮನಿಗೆ ಹೋಗಿ ಪಟ್ಟಿ ಎತ್ತಿದೀವ್ರಿ. ನೆಟ್ಟು ಹಳೇದೇ ಅದ. ರೊಕ್ಕ ಎಲ್ಲಿ ಹೋಯ್ತಂತ ಕೇಳಿದ್ರ ದೊಡ್ಡವರು ಸಿಟ್ಟಾಗ್ತಾರ." ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ, ಉಪನ್ಯಾಸ ಸಾರ್ಥಕ ಆಯಿತು ಅಂತ ಒಳಗೊಳಗೇ ಉಬ್ಬಿದೆ.

ಆಗ ಅವಳ ಎರಡು ಸಾಲು ಹಿಂದಿನಿಂದ ಒಬ್ಬರು ನಿಧಾನ ಎದ್ದು ನಿಂತರು. ಆ ಸಂಘದ ಕಾರ್ಯದರ್ಶಿ ಅವರೇ, ಹುಡುಗಿಗೆ ಸೋದರಮಾವ ಬೇರೆ, ಅವಳನ್ನು ಬಸ್ಸಿಗೆ ಕರೆದುಕೊಂಡು ಬಂದವರೂ ಅವರೇ. ಜೇಬಿನಿಂದ ಒಂದು ಸಣ್ಣ ಪಾಕೆಟ್ ಡೈರಿ ತೆಗೆದರು. "ಲೆಕ್ಕ ಐತಿ ತಂಗಿ, ಒಂದೊಂದು ರೂಪಾಯಿ ಬರದೀನಿ. ಓದ್ತೀನಿ, ಎಲ್ಲರೂ ಕೇಳ್ರಿ. ಆದ್ರ ಶಾಮಿಯಾನಾದಂವಗ ನನ್ನ ಕೈಲಿಂದ 1,800 ಹಾಕೀನಿ, ಅದನ್ನ ಯಾರು ಕೊಡ್ತೀರಿ ಅಂತ ಮೊದಲ ಹೇಳ್ರಿ."

ಹಿಂದಿನ ಸಾಲಿನಿಂದ ಯಾರೋ "ಮಂಜೂರ್" ಅಂದರು. ಇಡೀ ಹಾಲ್ ನಕ್ಕಿತು. ಅವರು ನಗಲಿಲ್ಲ, ಕನ್ನಡಕ ಹಾಕಿಕೊಂಡು ಮೊದಲ ಪುಟದಿಂದ ಓದಲು ಶುರು ಮಾಡಿದರು.